ಬಿಸಿಲೂರಿನ ಮೇಜಿಗೆ ಜಪಾನಿನ ಪೆನ್ನು

ರಾಯಚೂರು

ಪ್ರೀತಿಯ ತಮ್ಮಾ,

ಜಪಾನಿನ ಪೆನ್ನು, ನೋಟ್‌ಬುಕ್ಕುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀ. ಹೆಸರು ನೋಡಿ ಕೊಳ್ಳಬೇಡ. ನಮ್ಮ ಒತ್ತಕ್ಷರಕ್ಕೆ ಹೊಂದುತ್ತದೆಯೇ, ಸಿಂಧನೂರಿನ ಮೇ ತಿಂಗಳ ಬಿಸಿಲಿಗೆ ತಾಳುತ್ತದೆಯೇ, ಇವೆರಡನ್ನು ನೋಡು.

ಹೊಸಬರು ಮೊದಲು ಮರುಳಾಗುವುದು ಪೈಲಟ್‌ನವರ ಫ್ರಿಕ್ಷನ್ ಪೆನ್ನಿಗೆ. ಹಿಂಬದಿಯ ರಬ್ಬರಿನಿಂದ ತಿಕ್ಕಿದರೆ ಅಕ್ಷರ ಮಾಯ. ರಬ್ಬರು ಮಸಿಯನ್ನು ಕೀಳುವುದಿಲ್ಲ. ತಿಕ್ಕಿದ ಕಾವು 60 ಡಿಗ್ರಿ ದಾಟಿದಾಗ ಬಣ್ಣ ಹೋಗುತ್ತದೆ, ಅಷ್ಟೆ. ಆ ಕಾವು ತಿಕ್ಕಿಯೇ ಬರಬೇಕೆಂದಿಲ್ಲ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸಾಕು, ಕುದಿಯುವ ಚಹಾದ ಲೋಟ ಸಾಕು. ಲ್ಯಾಮಿನೇಷನ್‌ಗೆ ಕೊಟ್ಟರೆ ಖಾಲಿ ಹಾಳೆ ಕೈಗೆ ಬರುತ್ತದೆ. ಹಾಗಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡು. ಮೈನಸ್ 10ರಿಂದ ಮೈನಸ್ 20 ಡಿಗ್ರಿಯ ಚಳಿಗೆ ಬಣ್ಣ ಮರಳುತ್ತದೆ. ಆದರೆ ನೀನು ಬೇಕೆಂದೇ ಅಳಿಸಿದ ಸಾಲೂ ಜೊತೆಗೇ ಎದ್ದು ಬಂದು ಒಂದರ ಮೇಲೊಂದು ಕೂರುತ್ತದೆ! ದಿನದ ಕೆಲಸದ ಪಟ್ಟಿಗೆ ಇಟ್ಟುಕೋ. ಹಸ್ತಪ್ರತಿಗೆ ಬೇಡ, ಚೆಕ್ಕಿಗಂತೂ ಬೇಡವೇ ಬೇಡ.

ಹಸ್ತಪ್ರತಿಗೆ ಯೂನಿಬಾಲ್‌ನ ಜೆಟ್‌ಸ್ಟ್ರೀಮ್ ಒಳ್ಳೆಯದು. ಎಣ್ಣೆ ಮಸಿ, ಬೇಗ ಒಣಗುತ್ತದೆ, ಬೆವರಿದ ಅಂಗೈಗೆ ಅಷ್ಟಾಗಿ ಹರಡುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆದು ನೋಡು. 1.0 ಮಿ.ಮೀ. ಮೊನೆಯಲ್ಲಿ ಒತ್ತಿನ ಹೊಟ್ಟೆ ಮುಚ್ಚಿಹೋಗುತ್ತದೆ, 0.38 ನಮ್ಮ ಒರಟು ಹಾಳೆಯ ಮೇಲೆ ಕೆರೆಯುತ್ತದೆ. 0.5 ಸಾಕು.

ನೋಟ್‌ಬುಕ್ಕಿಗೂ ಇದೇ ಲೆಕ್ಕ. ಕೊಕುಯೊದವರ ಕ್ಯಾಂಪಸ್ 1975ರಿಂದ ಇದೆ. ಎ ಗೆರೆ ಅಂದರೆ ಸಾಲುಗಳ ನಡುವೆ 7 ಮಿ.ಮೀ., ಬಿ ಅಂದರೆ 6. ಆರರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ ಬಡಿಯುತ್ತದೆ. ಎ ತಗೋ, ಸಾಲು ಬಿಟ್ಟು ಸಾಲು ಬರೆ. ತಿದ್ದಲು ಜಾಗ ಬೇಕಲ್ಲ. ಎಲ್ಲರೂ ಹೊಗಳುವ ಟೊಮೊಯೆ ರಿವರ್ ಎಂಬ ತೆಳು ಕಾಗದ (ಚದರ ಮೀಟರಿಗೆ 52 ಗ್ರಾಂ) ಮಸಿ ಪೆನ್ನಿಗೆ, ಅಂದರೆ ಫೌಂಟನ್ ಪೆನ್ನಿಗೆ, ಚೆಂದ. ಆದರೆ ಬೆವರಿನ ಜಿಡ್ಡು ತಾಗಿದ ಕಡೆ ಮಸಿ ಹಿಡಿಯುವುದಿಲ್ಲ. ಅಂಗೈ ಕೆಳಗೆ ಒಂದು ರದ್ದಿ ಹಾಳೆ ಇಟ್ಟುಕೊಂಡೇ ಬರೆಯಬೇಕು.

ಮಸಿ ಪೆನ್ನೇ ಬೇಕೆಂದರೆ ಪ್ಲಾಟಿನಂ ಪ್ರೆಪಿ. ಅಗ್ಗದ್ದೇ, ಆದರೆ ಕ್ಯಾಪಿನೊಳಗೆ ಗಾಳಿಯಾಡದಂತೆ ಸೀಲ್ ಇದೆ. ಬಳಸದಿದ್ದರೂ ವರ್ಷದವರೆಗೆ ಮಸಿ ಒಣಗದಂತೆ ಮಾಡಿದ್ದು. ಬಸ್ಸಿನಲ್ಲಿ ಒಯ್ಯುವಾಗ ನಿಬ್ಬು ಮೇಲಾಗಿರಲಿ. ಅರ್ಧ ತುಂಬಿದ ಪೆನ್ನಿನ ಗಾಳಿ ಕಾವಿಗೆ ಹಿಗ್ಗಿ ಮಸಿಯನ್ನು ಹೊರಗೆ ತಳ್ಳುತ್ತದೆ.

ಕಡ್ಡಿ ತುಂಬುವ ಪೆನ್ಸಿಲ್ಲಿನಲ್ಲಿ ಕುರು ಟೋಗಾ. ಮೊನೆಯನ್ನು ಎತ್ತಿ ಊರಿದಾಗಲೆಲ್ಲ ಒಳಗಿನ ಗೇರು ಕಡ್ಡಿಯನ್ನು ತುಸು ತಿರುಗಿಸುತ್ತದೆ, ಮೂಲ ಮಾದರಿಯಲ್ಲಿ 40 ಸಲಕ್ಕೆ ಒಂದು ಸುತ್ತು. ಕೂಡಿಸಿ ಬರೆಯುವ ಇಂಗ್ಲಿಷಿಗಿಂತ ಅಕ್ಷರಕ್ಕೊಮ್ಮೆ ಕೈಯೆತ್ತುವ ಕನ್ನಡಕ್ಕೇ ಇದು ಹೆಚ್ಚು ಒಗ್ಗುತ್ತದೆ. ತೀರಾ ಹಗುರ ಕೈಯಾದರೆ ಗೇರು ಕಚ್ಚುವುದಿಲ್ಲ.

ಇನ್ನು ಟಿಪ್ಪಣಿ ಜೋಡಿಸುವುದು. ಇದಕ್ಕೆ ಜಪಾನಿನಿಂದ ಸಾಮಾನು ತರಿಸಬೇಡ, ಪದ್ಧತಿ ತಂದರೆ ಸಾಕು. ಕ್ಯೋಟೊ ಕಾರ್ಡ್ ಎಂಬುದು 128 × 182 ಮಿ.ಮೀ. ದಪ್ಪ ಹಾಳೆ. ಝೆರಾಕ್ಸ್ ಅಂಗಡಿಯಲ್ಲಿ ಎ4 ದಪ್ಪ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿಕೊಂಡರೆ ತುಸು ದೊಡ್ಡದಾಗುತ್ತದೆ, ನಡೆಯುತ್ತದೆ. ಒಂದು ಕಾರ್ಡಿಗೆ ಒಂದೇ ಸಂಗತಿ, ಮೇಲೆ ತಾರೀಖು. ಹಿಂಬದಿ ಖಾಲಿ ಇರಲಿ, ಇಲ್ಲದಿದ್ದರೆ ಮೇಜಿನ ಮೇಲೆ ಹರಡಿದಾಗ ಅರ್ಧ ವಿಷಯ ಅಡಿಗಾಗುತ್ತದೆ.

ಕಾರ್ಡು, ಪತ್ರಿಕೆಯಿಂದ ಕತ್ತರಿಸಿದ ತುಣುಕು, ಕರಡು ಎಲ್ಲವೂ ಕವರಿಗೆ, ಬರಹಕ್ಕೊಂದು ಕವರು. ಕವರುಗಳನ್ನು ಸಾಲಾಗಿ ನಿಲ್ಲಿಸು. ಅರ್ಥಶಾಸ್ತ್ರಜ್ಞ ನೋಗುಚಿ ಯುಕಿಯೊ ಹೇಳಿಕೊಟ್ಟ ಕ್ರಮ ಇದು: ವಿಷಯವಾರು ವಿಂಗಡಿಸಬೇಡ, ಇವತ್ತು ತೆಗೆದದ್ದನ್ನು ಸಾಲಿನ ಎಡತುದಿಗೆ ಇಡು. ಮುಟ್ಟದವು ತಾವಾಗಿ ಬಲಕ್ಕೆ ಸರಿಯುತ್ತವೆ. ಯುಗಾದಿಗೆ ಮನೆ ತೊಳೆಯುವಾಗ ಆ ಬಲತುದಿಯ ಕವರುಗಳನ್ನಷ್ಟೇ ಬಿಚ್ಚಿ ನೋಡು.

ಇಂತಿ ನಿನ್ನ
ಅಣ್ಣ