ಸೋಲಾರ್ ಫಲಕದ ಲೇಪನದ ವಿವರ ಗ್ರಾಹಕರಿಗೆ ಸಿಗಲಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಚ್ಚಲ ಹಂಡೆಯ ಜೊತೆಗೆ ಮಾಡಿನ ಮೇಲೊಂದು ಸೋಲಾರ್ ವಾಟರ್ ಹೀಟರ್ ಇರುವುದು ಈಗ ಸಾಮಾನ್ಯವಾಗಿದೆ. ಆದರೆ ಅಂಗಡಿಯಲ್ಲಿ ಹೇಳುವುದು ಟ್ಯಾಂಕು ಎಷ್ಟು ಲೀಟರು, ವಾರಂಟಿ ಎಷ್ಟು ವರ್ಷ ಎಂಬುದನ್ನು ಮಾತ್ರ. ಬಿಸಿಲನ್ನು ಶಾಖವಾಗಿಸುವ ಕಪ್ಪು ಲೇಪನ ಎಂಥದ್ದೆಂದು ಕೇಳಿದರೆ ‘ಒಳ್ಳೆಯ ಕೋಟಿಂಗ್’ ಎಂಬ ಉತ್ತರವಷ್ಟೇ ಸಿಗುತ್ತದೆ.

ಸಾಧಾರಣ ಕಪ್ಪು ಬಣ್ಣವೂ ಬಿಸಿಲಿನ ಶೇ 90ಕ್ಕಿಂತ ಹೆಚ್ಚು ಭಾಗವನ್ನು ಹೀರುತ್ತದೆ, ಆದರೆ ಕಾದ ಮೇಲೆ ಅಷ್ಟೇ ಧಾರಾಳವಾಗಿ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸುತ್ತದೆ. 70 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಪೂರ್ಣ ಕಪ್ಪು ಮೇಲ್ಮೈ ಚದರ ಮೀಟರಿಗೆ ಸುಮಾರು 785 ವ್ಯಾಟ್ ಸೂಸುತ್ತದೆ. ಮೇಲಿನ ಗಾಜು ಅದರಲ್ಲಿ ಒಂದು ಪಾಲನ್ನು ಮರಳಿಸಿದರೂ ನಷ್ಟ ಸಣ್ಣದಲ್ಲ. ಹಲವು ಉತ್ತಮ ಫಲಕಗಳಲ್ಲಿ ಅಲ್ಯೂಮಿನಾದಂಥ (ಅಲ್ಯೂಮಿನಿಯಂ ಆಕ್ಸೈಡ್) ಅವಾಹಕದೊಳಗೆ ನಿಕ್ಕಲ್‌ನ ನ್ಯಾನೊಮೀಟರ್ ಗಾತ್ರದ ಕಣಗಳು ಹುದುಗಿರುವ, ಒಂದು ಮೈಕ್ರೊಮೀಟರಿಗೂ ತೆಳುವಾದ ಪದರವಿರುತ್ತದೆ. 0.3ರಿಂದ 2.5 ಮೈಕ್ರೊಮೀಟರ್ ತರಂಗಾಂತರದ ಸೂರ್ಯನ ಬೆಳಕಿನ ಬಹುಪಾಲು ಈ ಮಿಶ್ರಣದಲ್ಲೇ ಹೀರಿಹೋಗುತ್ತದೆ. 8 ಮೈಕ್ರೊಮೀಟರ್ ಆಸುಪಾಸಿನ ಶಾಖಕಿರಣಗಳಿಗಾದರೋ ಅದೇ ಪದರ ಬಹುಮಟ್ಟಿಗೆ ಪಾರದರ್ಶಕ. ಆಗ ಲೆಕ್ಕಕ್ಕೆ ಬರುವುದು ಅದರಡಿಯ ಹೊಳಪಿನ ಲೋಹ, ಅದು ಸೂಸುವುದು ತೀರಾ ಕಡಿಮೆ. ಆದ್ದರಿಂದ ಹೊರಸೂಸುವಿಕೆ ಪೂರ್ಣ ಕಪ್ಪು ಮೇಲ್ಮೈಯದರ ಶೇ 10–20ರಷ್ಟಕ್ಕೆ ಇಳಿಯುತ್ತದೆ. 1904ರಲ್ಲಿ ಮ್ಯಾಕ್ಸ್‌ವೆಲ್ ಗಾರ್ನೆಟ್ ಅವರು ಲೋಹದ ಕಣಗಳಿಂದ ಗಾಜಿಗೆ ಬಣ್ಣ ಬರುವುದನ್ನು ವಿವರಿಸಲು ಕೊಟ್ಟ ಸೂತ್ರ ಇಂಥ ಪದರಗಳ ಲೆಕ್ಕಾಚಾರಕ್ಕೆ ಇಂದಿಗೂ ಬಳಕೆಯಲ್ಲಿದೆ. ಕಣ್ಣಿಗೆ ಮಾತ್ರ ಸಾಧಾರಣ ಬಣ್ಣ, ಈ ಲೇಪನ ಎರಡೂ ಕಪ್ಪೇ.

ಮೋಡ ಕವಿದ ದಿನಗಳೇ ಹೆಚ್ಚಿರುವ ನಮ್ಮಲ್ಲಿ, ಬಂದಷ್ಟು ಶಾಖವನ್ನು ಹಿಡಿದಿಡುವ ಗುಣಕ್ಕೆ ಬೆಲೆ ಹೆಚ್ಚು. ಅದಕ್ಕಿಂತ ಮುಖ್ಯವಾದುದು ತೇವ. ಮಳೆಗಾಲದಲ್ಲಿ ಫಲಕದ ರಬ್ಬರ್ ಅಂಚು ಸಡಿಲವಾಗಿ ಗಾಜಿನ ಒಳಮೈಯಲ್ಲಿ ನೀರಹನಿ ಕಟ್ಟುವುದನ್ನು ಅನೇಕರು ನೋಡಿರಬಹುದು. ಆ ತೇವದಿಂದ ಅಲ್ಯೂಮಿನಾ ನೀರಿನೊಡನೆ ಕೂಡಿ ಜಲಸಂಯುಕ್ತವಾಗಿ ಬದಲಾದರೆ, ಬೆಳಕನ್ನು ಹೀರುವ, ಶಾಖವನ್ನು ತಡೆಹಿಡಿಯುವ ಲೇಪನದ ಗುಣವೇ ಕೆಡುತ್ತದೆ. ಗಾಳಿ ತೆಗೆದ ಜೋಡಿಗಾಜಿನ ನಿರ್ವಾತ ಕೊಳವೆಯ ಹೀಟರುಗಳಲ್ಲಿ ಈ ಭಯ ಕಡಿಮೆ. ಅಲ್ಲಿ ಕೊಳವೆಯ ತುದಿಯ ಬೆಳ್ಳಿಹೊಳಪು ಬಿಳಿಚಿಕೊಂಡರೆ ನಿರ್ವಾತ ಹೋಗಿದೆ ಎಂದು ಮನೆಯವರೇ ತಿಳಿಯಬಹುದು. ಚಪ್ಪಟೆ ಫಲಕದಲ್ಲಿ ಅಂಥ ಸುಲಭದ ಗುರುತಿಲ್ಲ.

ಆದಕಾರಣ ಹೀರುವಿಕೆ, ಹೊರಸೂಸುವಿಕೆ ಎರಡರ ಅಂಕಿಗಳನ್ನೂ ತೇವದ ಪರೀಕ್ಷೆಯ ಫಲಿತಾಂಶವನ್ನೂ ಫಲಕದ ಮೇಲೆ ಕನ್ನಡದಲ್ಲಿ ನಮೂದಿಸುವುದನ್ನು ಸಂಬಂಧಪಟ್ಟ ಇಲಾಖೆ ಕಡ್ಡಾಯಗೊಳಿಸಬೇಕು. ನಾಲ್ಕಾರು ಮಳೆಗಾಲ ಕಂಡ ಫಲಕಗಳ ಲೇಪನವನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳೂ ವಿದ್ಯಾರ್ಥಿಗಳಿಂದ ಅಳೆಯಿಸಿ, ಫಲಿತಾಂಶವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಭೌತವಿಜ್ಞಾನ ಉಪನ್ಯಾಸಕ, ಹೊಸನಗರ