ಹೋವರ್‌ಕ್ರಾಫ್ಟ್ ಮಾದರಿಗೆ ಪ್ಲೈವುಡ್ ತಳ ಯಾಕೆ ಬೇಡ: ಪೋಷಕರಿಗೆ ಪತ್ರ

ದಾವಣಗೆರೆ

ಪ್ರಿಯ ಪೋಷಕರೇ, ನಮಸ್ಕಾರ.

ಎಂಟನೇ ತರಗತಿಯ ವಿಜ್ಞಾನ ಪ್ರದರ್ಶನಕ್ಕೆ ಈ ಸಲ ಹೋವರ್‌ಕ್ರಾಫ್ಟ್ ಮಾದರಿ ಇಟ್ಟುಕೊಂಡಿದ್ದೇವೆ. ಹೋವರ್‌ಕ್ರಾಫ್ಟ್ ಅಂದರೆ ಫ್ಯಾನ್‌ನಿಂದ ತಳದ ಕೆಳಗೆ ಗಾಳಿ ಊದಿ, ನೆಲದಿಂದ ಚೂರು ಮೇಲೆದ್ದು ಜಾರುವ ವಾಹನ. ಕಳೆದ ಶುಕ್ರವಾರ ಕೆಲವು ಮಕ್ಕಳ ಪ್ಲೈವುಡ್ ತಳಗಳನ್ನು ವಾಪಸ್ ಕಳಿಸಿದ್ದು ನಿಮ್ಮಲ್ಲಿ ಹಲವರಿಗೆ ಬೇಜಾರಾಗಿದೆ. ವಾಟ್ಸ್‌ಆಪ್ ಗ್ರೂಪ್‌ನಲ್ಲಿ ಬಂದಿದ್ದನ್ನೆಲ್ಲ ಓದಿದ್ದೇನೆ. "ಬಡಗಿ ಹತ್ರ ದುಡ್ಡು ಕೊಟ್ಟು ಮಾಡಿಸಿದೀವಿ, ಮೇಲೆ ಸನ್‌ಮೈಕಾ ಬೇರೆ. ಅದು ಚೆನ್ನಾಗಿಲ್ಲ, ಹಳೇ ರಟ್ಟು ಚೆನ್ನಾಗಿದೆ ಅಂದ್ರೆ ಹೇಗೆ ಸಾರ್?" ಅಂತ ಒಬ್ಬರು ಕೇಳಿದ್ದಾರೆ.

ಚೆನ್ನಾಗಿಲ್ಲ ಅಂತ ಯಾರೂ ಹೇಳಿಲ್ಲ. ಆ ಹಲಗೆ ನಾನೂ ನೋಡಿದೆ, ಮೂಲೆಗಳನ್ನೆಲ್ಲ ಸ್ಯಾಂಡ್‌ಪೇಪರ್ ಹಾಕಿ ನುಣ್ಣಗೆ ತಿದ್ದಿದ್ದರು. ಆದರೆ ಅದು ಮೇಲೇಳಲಿಲ್ಲ. ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಹಲಗೆ ಕೂತ ಜಾಗದಿಂದ ಅಲ್ಲಾಡಲಿಲ್ಲ.

ಲೆಕ್ಕ ಸುಲಭ. 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತಳ ಅಂದರೆ 1200 ಚದರ ಸೆಂ.ಮೀ. ಮೋಟಾರು, ಬ್ಯಾಟರಿ ಎಲ್ಲ ಸೇರಿ 300 ಗ್ರಾಂ ಇದ್ದರೆ, ಪ್ರತಿ ಚದರ ಸೆಂ.ಮೀ. ಜಾಗದಲ್ಲಿ ಗಾಳಿ ಎತ್ತಬೇಕಾದ್ದು ಕಾಲು ಗ್ರಾಂ. ಮಕ್ಕಳು ಬಳಸುವ ಪುಟ್ಟ ಫ್ಯಾನ್‌ಗೆ ಅಷ್ಟೇ ಸಾಕುಸಾಕಾಗುತ್ತದೆ. ಇದೇ ಅಳತೆಯ 6 ಎಂ.ಎಂ. ಪ್ಲೈವುಡ್ ಒಂದೇ 400 ಗ್ರಾಂ ದಾಟುತ್ತದೆ. ಅದರ ಎರಡರಷ್ಟು ದಪ್ಪದ ಥರ್ಮಾಕೋಲ್ ತೂಗಿದರೆ 30 ಗ್ರಾಂ ಕೂಡ ಬರುವುದಿಲ್ಲ.

"ಹಾಗಾದ್ರೆ ತೆಳ್ಳಗಿನ ಡ್ರಾಯಿಂಗ್ ಶೀಟ್ ಹಾಕಿ" ಅಂತ ಒಬ್ಬ ತಾಯಿ ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದಾರೆ. ಅದೂ ಆಗಲ್ಲ ಅಮ್ಮಾ. ತಳ ಬಾಗಿದರೆ ಒಂದು ಕಡೆಯಿಂದ ಗಾಳಿಯೆಲ್ಲ ಸೋರಿ ಹೋಗುತ್ತದೆ, ಇನ್ನೊಂದು ಮೂಲೆ ನೆಲಕ್ಕೆ ಉಜ್ಜುತ್ತದೆ. ಹಗುರವೂ ಇರಬೇಕು, ಬಾಗಲೂಬಾರದು. ಅದಕ್ಕೇ ದಪ್ಪಗಿದ್ದೂ ಒಳಗೆ ಗಾಳಿ ತುಂಬಿರುವ ವಸ್ತು ಬೇಕು: ಥರ್ಮಾಕೋಲ್, ಫೋಮ್ ಬೋರ್ಡ್, ಸನ್‌ಪ್ಯಾಕ್ ಶೀಟ್ (ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆ), ಡಬ್ಬದ ರಟ್ಟು. ಒಂದೇ ವಸ್ತುವಿನ ದಪ್ಪ ಎರಡು ಪಟ್ಟಾದರೆ ಅದನ್ನು ಬಗ್ಗಿಸೋಕೆ ಎಂಟು ಪಟ್ಟು ಕಷ್ಟ.

ಇದನ್ನು ನಮ್ಮ ಹುಡುಗಿಯೊಬ್ಬಳು ತಾನೇ ಕಂಡುಕೊಂಡಳು. ಬ್ಯಾಟರಿ ಇಟ್ಟ ಕಡೆ ಅವಳ ರಟ್ಟು ಜೋತು ಬಿತ್ತು. ರಟ್ಟಿನ ಒಳಗಿನ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವಲ್ಲ, ಆ ಗೀರಿನ ಗುಂಟ ಅದು ಸಲೀಸಾಗಿ ಮಡಚಿಕೊಳ್ಳುತ್ತದೆ. ಅವಳು ಇನ್ನೊಂದು ತುಂಡನ್ನು ಅಡ್ಡಕ್ಕೆ ತಿರುಗಿಸಿ ಫೆವಿಕಾಲ್ ಹಾಕಿ ಅಂಟಿಸಿದಳು. ಮಾರನೇ ದಿನ ನೆಟ್ಟಗೆ ನಿಂತಿತು. ಬಡಗಿ ಹತ್ರ ಮಾಡಿಸಿದ್ದರೆ ಇದು ಅವಳಿಗೆ ಗೊತ್ತಾಗುತ್ತಿತ್ತಾ?

ನಿಮ್ಮ ಖರ್ಚು, ನಿಮ್ಮ ಪ್ರೀತಿ ನಮಗೆ ಅರ್ಥವಾಗುತ್ತದೆ. ಮಗುವಿನ ಮಾದರಿ ನಾಲ್ಕು ಜನರ ಮುಂದೆ ಎದ್ದು ಕಾಣಲಿ ಅನ್ನೋದು ತಪ್ಪಲ್ಲ. ಆದರೂ ಪ್ಲೈವುಡ್, ಅಕ್ರಿಲಿಕ್, ರೆಡಿಮೇಡ್ ಕಿಟ್ ಈ ಸಲ ತಗೊಳ್ಳುವುದಿಲ್ಲ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೂ ಬಿಡಬೇಕು. ವಾಪಸ್ ಕಳಿಸಿದ್ದು ಯಾರಿಗೂ ಅವಮಾನ ಮಾಡೋಕಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಮಾರ್ಕ್ಸ್ ಕೂಡ ಕಡಿಮೆ ಮಾಡಿಲ್ಲ. ಮನೆಯಲ್ಲಿ ಸಿಗುವ ಹಗುರ ವಸ್ತುಗಳೇ ಸಾಕು. ಹೋವರ್‌ಕ್ರಾಫ್ಟ್ ಕಂಡುಹಿಡಿದ ಕ್ರಿಸ್ಟೋಫರ್ ಕಾಕರೆಲ್ ಕೂಡ 1955ರಲ್ಲಿ ಒಂದರೊಳಗೊಂದು ಖಾಲಿ ತಗಡಿನ ಡಬ್ಬಿ ಇಟ್ಟು, ಗಾಳಿ ಊದಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿದ್ದು. ಅವರ ಯೋಚನೆಯಿಂದ ಹುಟ್ಟಿದ ಎಸ್.ಆರ್.ಎನ್.1 ಎಂಬ ಹೋವರ್‌ಕ್ರಾಫ್ಟ್ ನಾಲ್ಕೇ ವರ್ಷದಲ್ಲಿ, 1959ರ ಜುಲೈ 25ರಂದು, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರವಾದ ಇಂಗ್ಲಿಷ್ ಕಾಲುವೆ ದಾಟಿತು.

ಥರ್ಮಾಕೋಲ್ ಬ್ಯಾನ್ ಆಗಿದೆಯಲ್ಲ ಅಂತಲೂ ಕೇಳಿದ್ದೀರಿ. 2022ರ ಜುಲೈಯಿಂದ ಅಲಂಕಾರದ ಥರ್ಮಾಕೋಲ್‌ಗೆ ನಿಷೇಧ ಇದೆ; ನಾವು ಕೇಳುತ್ತಿರೋದು ಬಿಸಾಡೋ ಪ್ಯಾಕಿಂಗ್. ಆದರೂ ಹೊಸದು ಕೊಳ್ಳಲೇಬೇಡಿ. ಮಂಡಿಪೇಟೆ, ಅಶೋಕ ರಸ್ತೆ ಕಡೆ ಅಂಗಡಿಗಳಲ್ಲಿ ಕೇಳಿದರೆ ಬಿಸಾಡೋ ಪ್ಯಾಕಿಂಗ್ ಸುಮ್ನೆ ಕೊಡುತ್ತಾರೆ. ಹಳೇ ಜಾಹೀರಾತಿನ ಸನ್‌ಪ್ಯಾಕ್ ಬೋರ್ಡೂ ಆದೀತು. ಥರ್ಮಾಕೋಲ್‌ಗೆ ಫೆವಿಕ್ವಿಕ್ ಹಾಕಿದರೆ ತೂತು ಬೀಳುತ್ತದೆ, ಮಕ್ಕಳಿಗೆ ಹೇಳಿದ್ದೇವೆ. ಕಟರ್‌ನಲ್ಲಿ ಕತ್ತರಿಸುವ ಕೆಲಸ ಶಾಲೆಯಲ್ಲೇ, ವಿಜ್ಞಾನ ಮೇಷ್ಟ್ರ ಎದುರಿಗೇ ಆಗುತ್ತದೆ. ಆ ಚಿಂತೆ ಬೇಡ.

ಬರುವ ಸೋಮವಾರ ಟಿವಿ ಅಥವಾ ಮಿಕ್ಸಿ ಡಬ್ಬದ ರಟ್ಟು, ಇಲ್ಲವೇ ಥರ್ಮಾಕೋಲ್ ತುಂಡು ಒಂದನ್ನು ಮಗುವಿನ ಕೈಲಿ ಕಳಿಸಿಕೊಡಿ.

ಪ್ಲೈವುಡ್ ಹಲಗೆಗಳನ್ನು ಬಿಸಾಡಬೇಡಿ. ಪ್ರದರ್ಶನದ ದಿನ ಮಾದರಿಗಳನ್ನು ಜೋಡಿಸಿಡಲು ನುಣ್ಣಗಿನ ಮಟ್ಟ ಹಲಗೆ ಬೇಕೇ ಬೇಕು. ಕೊಡುವವರು ಹಿಂದುಗಡೆ ಮಗುವಿನ ಹೆಸರು ಬರೆದು ಕೊಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು