ಗಲ್ಫ್‌ನಿಂದ ಮರಳಿದವರ ಮಕ್ಕಳೂ ಈ ರಾಜ್ಯದವರೇ

ಮಾನ್ಯ ಸಂಪಾದಕರಿಗೆ,

ವೃತ್ತಿಶಿಕ್ಷಣ ಸೇರಲು ಬರೆಯುವ ಪ್ರವೇಶ ಪರೀಕ್ಷೆಯ, ಅಂದರೆ ಸಿಇಟಿಯ, ಅರ್ಜಿ ತುಂಬುವ ದಿನಗಳು ಬಂತೆಂದರೆ ನನ್ನಂಥ ನಿವೃತ್ತ ಮುಖ್ಯೋಪಾಧ್ಯಾಯರ ಮನೆಯ ಜಗಲಿಗೂ ಜನ ಬರುತ್ತಾರೆ. ಶಾಲೆಯಲ್ಲಿ ಈಗ ಇರುವವರಿಗೆ ಹಳಬರ ಗುರುತಿಲ್ಲ, ಯಾವ ವರ್ಷದ ದಾಖಲಾತಿ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದೂ ಗೊತ್ತಿಲ್ಲ. ಹಾಗಾಗಿ ವ್ಯಾಸಂಗ ಪ್ರಮಾಣಪತ್ರ ಬೇಕಾದವರು ಮೊದಲು ನನ್ನನ್ನು ಕೇಳಿ, ಆಮೇಲೆ ಶಾಲೆಗೆ ಹೋಗುವುದು ಕುಂದಾಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ವಾಡಿಕೆಯಾಗಿಬಿಟ್ಟಿದೆ. ಇವರಲ್ಲಿ ಹಲವರು ಗಲ್ಫ್ ದೇಶಗಳಲ್ಲಿ ದುಡಿದು ಮರಳಿದವರು. ಅವರ ಮಕ್ಕಳು ಉನ್ನತ ಶಿಕ್ಷಣದ ಹೊಸ್ತಿಲಲ್ಲಿ ಎದುರಿಸುವ ಒಂದು ತೊಡಕನ್ನು ಸರ್ಕಾರದ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾರ್ಜಾದಿಂದ ಸಂಸಾರ ಸಮೇತ ಊರಿಗೆ ವಾಪಸಾದ. ಅಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದವನು, ಕಂಪನಿ ಮುಚ್ಚಿದ್ದರಿಂದ ವೀಸಾ ರದ್ದಾಗಿ ಬರಬೇಕಾಯಿತು. ಮಗಳು 1ರಿಂದ 3ನೇ ತರಗತಿಯವರೆಗೆ ಅಜ್ಜಿಯ ಜೊತೆಗಿದ್ದು ಊರಿನ ಶಾಲೆಯಲ್ಲಿ ಓದಿದ್ದಳು. 4ರಿಂದ 11ರವರೆಗೆ ಶಾರ್ಜಾದ ಸಿಬಿಎಸ್‌ಇ ಶಾಲೆ. 12ನೇ ತರಗತಿಯನ್ನು ಇಲ್ಲಿಗೆ ಬಂದು ಸಿಬಿಎಸ್‌ಇಯಲ್ಲೇ ಮುಗಿಸಿದಳು. ಎಂಜಿನಿಯರಿಂಗ್ ಓದಬೇಕೆಂಬ ಹುಡುಗಿ. ಪಾಸ್‌ಪೋರ್ಟ್ ಭಾರತದ್ದು, ಅದರಲ್ಲಿರುವ ವಿಳಾಸ ಉಡುಪಿ ಜಿಲ್ಲೆಯದು, ಮನೆಮಾತು ಕನ್ನಡ.

ಸರ್ಕಾರಿ ಸೀಟಿಗೆ ಯಾರು ಅರ್ಹರು ಎಂಬುದನ್ನು ತೀರ್ಮಾನಿಸುವುದು ವೃತ್ತಿಶಿಕ್ಷಣ ಸಂಸ್ಥೆಗಳ ಸರ್ಕಾರಿ ಸೀಟುಗಳಿಗೆ ಅಭ್ಯರ್ಥಿಗಳನ್ನು ಆಯ್ಕೆ ಮಾಡುವ 2006ರ ನಿಯಮಗಳು. ಅದರಂತೆ ಮೊದಲ ದಾರಿ, ಅಂದರೆ 'ಎ' ಕ್ಲಾಸ್: 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲಿಯೇ ಪಾಸು ಮಾಡಿರಬೇಕು. ಎರಡನೆಯದು 'ಬಿ' ಕ್ಲಾಸ್: ಪ್ರಥಮ ಮತ್ತು ದ್ವಿತೀಯ ಪಿಯುಸಿ, ಅಥವಾ 11 ಮತ್ತು 12ನೇ ತರಗತಿ, ಎರಡನ್ನೂ ಕರ್ನಾಟಕದಲ್ಲಿ ಓದಿ, ತಂದೆ ತಾಯಿಯರಲ್ಲಿ ಒಬ್ಬರಾದರೂ ಇಲ್ಲಿ ಕನಿಷ್ಠ 7 ವರ್ಷ ಓದಿದವರಾಗಿರಬೇಕು. ಇವಲ್ಲದೆ ಗಡಿನಾಡ ಕನ್ನಡಿಗರಿಗೆ, ಸೈನಿಕರ ಮಕ್ಕಳಿಗೆ, ವರ್ಗಾವಣೆಗೆ ಒಳಪಡುವ ಕೇಂದ್ರ ನೌಕರರ ಮಕ್ಕಳಿಗೆ, ರಾಜ್ಯದಿಂದ ಆರಿಸಿ ಹೋದ ಸಂಸದರ ಮಕ್ಕಳಿಗೆ ಪ್ರತ್ಯೇಕ ಕ್ಲಾಸುಗಳಿವೆ.

ಏಳು ವರ್ಷದ ಲೆಕ್ಕ ತುಂಬದು ಎಂದು ಅಪ್ಪನಿಗೆ ಗೊತ್ತಿತ್ತು. 'ಬಿ' ಕ್ಲಾಸಿನಲ್ಲಿ ತನ್ನ ಓದು ಮಗಳಿಗೆ ನೆರವಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ನನ್ನ ಬಳಿ ಬಂದ. ಅವನು 1ರಿಂದ 10ರವರೆಗೆ ಓದಿದ್ದು ನಮ್ಮ ಊರಿನಲ್ಲೇ, ಕನ್ನಡ ಮಾಧ್ಯಮದಲ್ಲೇ. ಇಬ್ಬರೂ ಶಾಲೆಗೆ ಹೋಗಿ, ಕಬ್ಬಿಣದ ಕಪಾಟಿನ ಕೆಳಗಿನ ಅರೆಯಿಂದ 1987ರ ದಾಖಲಾತಿ ಪುಸ್ತಕವನ್ನು ಹೊರಗೆಳೆದೆವು. ಅಂಚು ಗೆದ್ದಲು ತಿಂದಿತ್ತು, ಅಕ್ಷರ ಮಾತ್ರ ನೆಟ್ಟಗಿತ್ತು. ಅದರಲ್ಲಿ ಬರೀ ಅವನ ಹೆಸರಿದೆ, ಇನಿಷಿಯಲ್ ಇಲ್ಲ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಒಂದು ಸಾಲು ತುಂಬಿದೆ. ಎರಡೂ ಹೆಸರು ಒಬ್ಬನದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿ ಮಾಡಿಸುವಷ್ಟರಲ್ಲಿ ಹತ್ತು ದಿನ ಹೋಯಿತು. ಅಷ್ಟಾದ ಮೇಲೆ ಸೈಬರ್ ಸೆಂಟರಿನಲ್ಲಿ ಕುಳಿತು ಒಂದೊಂದೇ ತರಗತಿಯ ವಿವರ ತುಂಬುತ್ತಾ ಬಂದಾಗ, 11ನೇ ತರಗತಿಯ ಸಾಲಿಗೆ ಬಂದು ಎಲ್ಲವೂ ನಿಂತಿತು. ಆ ಒಂದು ವರ್ಷ ಶಾರ್ಜಾದ್ದು. ಎರಡೂ ವರ್ಷ ಇಲ್ಲಿ ಓದಿರಬೇಕೆಂಬ ಮಾತನ್ನು ನಾವಿಬ್ಬರೂ ಅವಸರದಲ್ಲಿ ಸರಿಯಾಗಿ ಓದಿರಲಿಲ್ಲ. ಮೇಷ್ಟ್ರಾಗಿ ನಾನಾದರೂ ಓದಬೇಕಿತ್ತು.

ಇದರಲ್ಲಿ ಯಾವ ಅಧಿಕಾರಿಯ ತಪ್ಪೂ ಇಲ್ಲ. ನಿಯಮ ಇದ್ದದ್ದೇ ಹಾಗೆ. ಆದರೆ ಸರ್ಕಾರಿ ಸೀಟು ಕೈತಪ್ಪಿದರೆ ತಪ್ಪುವುದು ಕಡಿಮೆ ಶುಲ್ಕವೊಂದೇ ಅಲ್ಲ ಎಂಬುದನ್ನು ಹೊರಗಿನವರು ಗಮನಿಸುವುದಿಲ್ಲ. ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವ ಮನೆಗಳ ಮಕ್ಕಳಿಗೆ ಬೋಧನಾ ಶುಲ್ಕ ಮನ್ನಾ ಮಾಡುವ ಎಸ್‌ಎನ್‌ಕ್ಯೂ ಸೀಟುಗಳು ಹಂಚಿಕೆಯಾಗುವುದು ಸಿಇಟಿಯ ಮೂಲಕ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಕೊಡುವ 'ಅರಿವು' ಶಿಕ್ಷಣ ಸಾಲವೂ ಸಿಇಟಿ ಸೀಟಿನ ಬೆನ್ನಿಗೇ ಬರುವಂಥದ್ದು. ಬಾಗಿಲು ಒಂದು ಮುಚ್ಚಿದರೆ ಅದರ ಹಿಂದಿನ ಕೋಣೆಗಳೆಲ್ಲ ಮುಚ್ಚಿದಂತೆ. ಕೊನೆಗೆ ಸಿಕ್ಕಿದ್ದು ಮ್ಯಾನೇಜ್‌ಮೆಂಟ್ ಸೀಟು. ಆ ಹುಡುಗಿ ಈಗ ಅದರಲ್ಲೇ ಓದುತ್ತಿದ್ದಾಳೆ. ತಾಯಿಯ ಕರಿಮಣಿ ಬಿಟ್ಟು ಉಳಿದ ಒಡವೆಯೆಲ್ಲ ಸಹಕಾರಿ ಸಂಘದಲ್ಲಿ ಅಡವಿಗೆ ಬಿದ್ದಿದೆ.

ಇನ್ನೂ ವಿಚಿತ್ರವೆಂದರೆ, ನಮ್ಮೂರಿನಿಂದ ಬಸ್ಸು ಹತ್ತಿದರೆ ಎರಡೂವರೆ ಗಂಟೆಗೆ ಸಿಗುವ ಸುರತ್ಕಲ್‌ನ ಎನ್‌ಐಟಿಕೆ, ಅಂದರೆ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆ, ಇದೇ ಹುಡುಗಿಯನ್ನು ಕರ್ನಾಟಕದವಳೆಂದೇ ಒಪ್ಪುತ್ತದೆ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದವರ ಕೋಟಾದ್ದು. 12ನೇ ತರಗತಿಯನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿದ್ದಾರೋ ಅದೇ ಅವರ ರಾಜ್ಯ. 12ನ್ನು ವಿದೇಶದಲ್ಲೇ ಮುಗಿಸಿದ ಭಾರತೀಯರಿಗೆ ಪಾಸ್‌ಪೋರ್ಟಿನಲ್ಲಿರುವ ವಿಳಾಸವೇ ಆಧಾರ. ಅಂದರೆ ಕೇಂದ್ರದ ಸಂಸ್ಥೆಯ ಕಣ್ಣಿಗೆ ಅವಳು ಕನ್ನಡನಾಡಿನವಳು, ರಾಜ್ಯದ ನಿಯಮದ ಕಣ್ಣಿಗೆ ಅಲ್ಲ. ಎನ್‌ಐಟಿಯಲ್ಲಿ ಅವಳಿಗೆ ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ, ಅದು ಬೇರೆ ಮಾತು.

ಅವಳಿಗೆ ಎನ್‌ಆರ್‌ಐ ಕೋಟಾ ಇದೆಯಲ್ಲ ಎನ್ನುವವರಿದ್ದಾರೆ. ಆ ಶಬ್ದ ಕೇಳಿದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಅಮೆರಿಕದ ಡಾಕ್ಟರು, ಸಾಫ್ಟ್‌ವೇರಿನವರು. ಕರಾವಳಿಯಿಂದ ಹೋದವರಲ್ಲಿ ಡ್ರೈವರುಗಳು, ವೆಲ್ಡರುಗಳು, ಹೋಟೆಲಿನ ಸಪ್ಲಾಯರುಗಳು, ಅಂಗಡಿಯ ಲೆಕ್ಕ ಬರೆಯುವವರು ಎಷ್ಟು ಮಂದಿ ಎಂಬುದನ್ನು ತಿಳಿಯಲು ಮಂಗಳೂರಿಗೆ ಬಂದಿಳಿಯುವ ಒಂದು ವಿಮಾನದ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಎನ್‌ಆರ್‌ಐ ಕೋಟಾದ ಶುಲ್ಕ ಇವರ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಈ ವ್ಯತ್ಯಾಸವನ್ನು ಕೇಂದ್ರ ಸರ್ಕಾರ ಒಪ್ಪಿಕೊಂಡೂ ಆಗಿದೆ. ತಾಂತ್ರಿಕ ಶಿಕ್ಷಣ ಸಂಸ್ಥೆಗಳಲ್ಲಿ ವಿದೇಶಿಯರಿಗೆಂದು ಇರುವ ಹೆಚ್ಚುವರಿ ಸೀಟುಗಳಲ್ಲಿ ಮೂರನೇ ಒಂದು ಪಾಲನ್ನು ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಮೀಸಲಿಟ್ಟು, ಶುಲ್ಕವನ್ನೂ ಇಲ್ಲಿಯ ವಿದ್ಯಾರ್ಥಿಗಳಂತೆಯೇ ತೆಗೆದುಕೊಳ್ಳುವ ವ್ಯವಸ್ಥೆ ಇದೆ. ತೊಂದರೆ ಏನೆಂದರೆ, ಅದು ತಂದೆ ತಾಯಿ ಗಲ್ಫ್‌ನಲ್ಲಿ ದುಡಿಯುತ್ತಿರುವವರಿಗೆ. ಕೆಲಸ ಕಳೆದುಕೊಂಡು ಮರಳಿದವನ ಮಗಳು ಅಲ್ಲಿಯ ಪಟ್ಟಿಯಲ್ಲೂ ಇಲ್ಲ, ಇಲ್ಲಿಯ ಪಟ್ಟಿಯಲ್ಲೂ ಇಲ್ಲ.

ಏಳು ವರ್ಷದ ನಿಯಮವನ್ನೇ ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ರಾಜ್ಯದ ಹಣದಿಂದ ನಡೆಯುವ ಸೀಟುಗಳು ಮೊದಲು ರಾಜ್ಯದ ಮಕ್ಕಳಿಗೆ ಎಂಬುದು ನ್ಯಾಯವೇ. ವಾಸಸ್ಥಳದ ಆಧಾರದ ಮೇಲೆ ಶುಲ್ಕದಲ್ಲಿ ರಿಯಾಯಿತಿ ಕೊಡಬಹುದೆಂದು ಸುಪ್ರೀಂ ಕೋರ್ಟು 1955ರಷ್ಟು ಹಿಂದೆಯೇ, ಇಂದೋರಿನ ವೈದ್ಯಕೀಯ ಕಾಲೇಜಿನ ಪ್ರಕರಣದಲ್ಲಿ ಹೇಳಿದೆ. ಓದಿದ ವರ್ಷಗಳನ್ನು ಎಣಿಸುವುದರಲ್ಲಿ ಒಂದು ಪ್ರಾಮಾಣಿಕತೆಯೂ ಇದೆ. ಶಾಲೆಯ ಹಾಜರಿ ಪುಸ್ತಕ ಸುಳ್ಳು ಹೇಳುವುದು ಕಷ್ಟ. ಕೇರಳದಂತೆ ತಂದೆಯೋ ತಾಯಿಯೋ ಆ ರಾಜ್ಯದಲ್ಲಿ ಹುಟ್ಟಿದ್ದರೆ ಸಾಕು, ಮಗು ಎಲ್ಲಿ ಓದಿದರೂ ಸರಿ ಎನ್ನುವಷ್ಟು ಸಡಿಲಿಕೆ ನನಗೂ ಬೇಡ. ಊರಿನ ಸರ್ಕಾರಿ ಶಾಲೆಯಲ್ಲಿ ಸೋರುವ ಮಾಡಿನ ಕೆಳಗೆ ಕುಳಿತು ಓದಿದವನ ಸೀಟನ್ನು, ವಿದೇಶದ ದೊಡ್ಡ ಶಾಲೆಯಲ್ಲಿ ಓದಿ ಬಂದವನು ವಿಳಾಸದ ಬಲದಿಂದ ಕಸಿದುಕೊಳ್ಳುವುದು ಯಾರಿಗೂ ಒಪ್ಪಿಗೆಯಾಗದು.

ಆದರೆ ಉಪಜೀವನಕ್ಕಾಗಿ ಹೊರಗಿದ್ದವರನ್ನೂ ಊರನ್ನೇ ತೊರೆದವರನ್ನೂ ಬೇರೆಬೇರೆಯಾಗಿ ನೋಡುವುದು ಕಾನೂನಿಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಶುಲ್ಕಕ್ಕೆ ಸರ್ಕಾರಿ ಸಾಲ ಪಡೆಯಲು ಆ ದೇಶದ ಪಾಸ್‌ಪೋರ್ಟ್ ಇದ್ದರೆ ಸಾಲದು, ಕೋರ್ಸಿಗೆ ಮುಂಚಿನ 3 ವರ್ಷ ಅಲ್ಲಿಯೇ ವಾಸವಾಗಿರಬೇಕು. ಇಷ್ಟು ಬಿಗಿ ಇರುವ ಆ ನಿಯಮವೂ, ತಂದೆ ಅಥವಾ ತಾಯಿ ನೌಕರಿಗೆಂದು ತಾತ್ಕಾಲಿಕವಾಗಿ ಹೊರಗಿದ್ದರೆ ಮಗುವನ್ನು ಅಲ್ಲಿಯ ನಿವಾಸಿಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಮ್ಮ 2006ರ ನಿಯಮಗಳೂ ಸೈನಿಕರ ಮತ್ತು ಕೇಂದ್ರ ನೌಕರರ ಮಕ್ಕಳ ವಿಷಯದಲ್ಲಿ ಇದನ್ನೇ ಮಾಡಿವೆ. ಗಲ್ಫ್‌ನ ಬಗ್ಗೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬಹುದು. ಅಲ್ಲಿ ದುಡಿಯುವ ನಮ್ಮವರಿಗೆ ಅಲ್ಲಿಯೇ ನೆಲೆ ನಿಲ್ಲುವ ದಾರಿ ಇಲ್ಲವೇ ಇಲ್ಲ ಎನ್ನಬಹುದು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಊರು. 1990ರಲ್ಲಿ ಕುವೈತಿನಿಂದ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತಂದಾಗಲಿ, 2020ರ ಮೇ ತಿಂಗಳಿನಲ್ಲಿ ದುಬೈಯಿಂದ ಕೋವಿಡ್ ಕಾಲದ ವಂದೇ ಭಾರತ್ ವಿಮಾನ ಮಂಗಳೂರಿಗೆ ಬಂದಿಳಿದಾಗಲಿ, ಬಂದವರು ತಾವಾಗಿ ದಿನ ಗೊತ್ತು ಮಾಡಿಕೊಂಡು ಬಂದಿರಲಿಲ್ಲ. ಮಗಳ ಪಿಯುಸಿ ನೋಡಿಕೊಂಡು ಯುದ್ಧವಾಗಲಿ, ರೋಗವಾಗಲಿ, ಕಂಪನಿಯ ದಿವಾಳಿಯಾಗಲಿ ಬರುವುದಿಲ್ಲ.

ಆದ್ದರಿಂದ ಉನ್ನತ ಶಿಕ್ಷಣ ಇಲಾಖೆಯವರಲ್ಲಿ ನನ್ನ ವಿನಂತಿ ಸಣ್ಣದು. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ವಿದೇಶದ ಉದ್ಯೋಗ ಕಳೆದುಕೊಂಡು ಮರಳಿದ್ದು, ಮಗು 12ನೇ ತರಗತಿಯನ್ನು ಇಲ್ಲಿ ಓದಿ ಪಾಸು ಮಾಡಿದ್ದರೆ, 'ಬಿ' ಕ್ಲಾಸಿನ ಎರಡು ವರ್ಷದ ಷರತ್ತನ್ನು ಒಂದು ವರ್ಷಕ್ಕೆ ಇಳಿಸಬೇಕು. ಉದ್ಯೋಗ ಹೋದದ್ದಕ್ಕೆ ವೀಸಾ ರದ್ದಾದ ಪತ್ರವೇ ದಾಖಲೆ. ಹೊಸ ಪ್ರಮಾಣಪತ್ರವೊಂದನ್ನು ಸೃಷ್ಟಿಸಿ ಜನರನ್ನು ಮತ್ತೆ ತಾಲ್ಲೂಕು ಕಚೇರಿಗೆ ಅಲೆಸುವುದು ಬೇಡ. ಶ್ರೀಮಂತರು ಇದರ ಲಾಭ ಪಡೆಯುತ್ತಾರೆಂಬ ಅಂಜಿಕೆ ಇದ್ದರೆ ಎಸ್‌ಎನ್‌ಕ್ಯೂಗೆ ಇರುವ 8 ಲಕ್ಷದ ಆದಾಯ ಮಿತಿಯನ್ನೇ ಇಲ್ಲಿಗೂ ಅನ್ವಯಿಸಲಿ. ಆಗ ಮರಳಿ ಬಂದ ಮೇಲಿನ ಆದಾಯವನ್ನು ನೋಡಬೇಕೇ ಹೊರತು ಹೋದ ವರ್ಷದ ದಿರ್ಹಮ್ಮನ್ನು ರೂಪಾಯಿಗೆ ಗುಣಿಸಿ ನೋಡಬಾರದು. ಇಲ್ಲಿಯ ಮಕ್ಕಳ ಒಂದು ಸೀಟೂ ಕಡಿಮೆಯಾಗಬಾರದು ಎಂದಾದರೆ ಇವರಿಗೆ ಕೊಡುವುದನ್ನು ಹೆಚ್ಚುವರಿ ಸೀಟಾಗಿ ಕೊಡಲಿ. ಮೀಸಲಾತಿಯ ಪ್ರಶ್ನೆಯನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲು ಇಲ್ಲಿ ಓದಿದವರದೇ ಆಗಿರಲಿ.

ಮೊನ್ನೆ ಮಸ್ಕತ್‌ನಿಂದ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಫೋನು ಮಾಡಿದ್ದ. ಮಗ 10ನೇ ತರಗತಿಯಲ್ಲಿದ್ದಾನೆ, ಕಂಪನಿಯಲ್ಲಿ ಆಳು ಕಡಿಮೆ ಮಾಡುವ ಸುದ್ದಿ ಹಬ್ಬಿದೆ, ಏನು ಮಾಡಲಿ ಸಾರ್ ಎಂದ. ನೀನು ಬರುವುದು ತಡವಾದರೂ ಪರವಾಗಿಲ್ಲ, ಮಗನನ್ನು ಈ ಜೂನಿಗೇ ಅಜ್ಜಿಮನೆಗೆ ಕಳಿಸು, 11ಕ್ಕೆ ಇಲ್ಲಿ ಸೇರಿಸು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮನಿಗೆ ಎಪ್ಪತ್ತಾರು ವರ್ಷ ಸಾರ್, ಅವರನ್ನೇ ನೋಡಿಕೊಳ್ಳಲು ಜನ ಬೇಕು ಎಂದ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯ, ಕುಂದಾಪುರ ತಾಲ್ಲೂಕು